ಒಳಗಿಟ್ಟ ಹೆಬ್ಬೆರಳು

೧೪, ಮಂಗಳವಾರ

ಹೆಬ್ಬೆರಳು ಊದಿಕೊಂಡಿದೆ. ನಾಳೆ ಎರಡು ಕೋಟಿನ ಬಟ್ಟೆ ಕತ್ತರಿಸಬೇಕು, ಕತ್ತರಿ ಹಿಡಿಯುವುದು ಹೇಗೋ! ಕರಾಟೆಗೆ ಸೇರಿ ಮೂರು ವಾರವಾಯಿತು, ಮನೆಯ ಒಂದು ಕೆಲಸವೂ ಹೊತ್ತಿಗೆ ಸರಿಯಾಗಿ ಮುಗಿದಿಲ್ಲ. "ಇನ್ಮೇಲೆ ಡಬ್ಬಿ ಮುಚ್ಚಳ ತೆಗೆಯೋಕೆ ನನ್ನ ಕರೀಬೇಡ" ಎಂದು ಇವರು ನಕ್ಕರು. ಪಾತ್ರೆಯನ್ನೇನೋ ತಾವೇ ತೊಳೆದಿಟ್ಟರು, ಪುಣ್ಯಾತ್ಮರು.

ಸೂಜಿಗೆ ಹೆದರಿ ಹೆಬ್ಬೆರಳನ್ನು ಮಡಚಿ ಬಚ್ಚಿಡುವುದು ಇಪ್ಪತ್ತು ವರ್ಷದ ಹೊಲಿಗೆಯಿಂದ ಅಂಟಿದ ಚಾಳಿ. ಇವತ್ತು ಹಾಗೆಯೇ ಮುಷ್ಟಿ ಕಟ್ಟಿ ತೂಗುಬಿಟ್ಟ ಚೀಲಕ್ಕೆ ಗುದ್ದಿದೆ. ಪ್ರಾಣ ಹೋದಂತಾಯಿತು. ಮುಂದಿನ ಸಾಲಿನಿಂದ ಮಗಳು ಓಡಿ ಬಂದಳು. ಹತ್ತು ವರ್ಷದವಳು, ಆದರೆ ಅವಳದು ಹಸಿರು ಬೆಲ್ಟ್, ನನ್ನದು ಬಿಳಿ. ಅಲ್ಲಿ ಅವಳಿಗೆ ನಾನೇ ಮೊದಲು ತಲೆ ಬಾಗಬೇಕು.

"ಹೆಬ್ಬೆರಳು ಒಳಗಿಟ್ರೆ ಮುರಿಯುತ್ತಮ್ಮ, ಎಷ್ಟು ಸಲ ಹೇಳ್ಲಿ?" ನನ್ನದೇ ಗದರಿಕೆ, ನನ್ನದೇ ದನಿ! ಗದರುತ್ತಲೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಹುಟ್ಟಿದ ಹೊಸತರಲ್ಲಿ ಇವಳೂ ಹೆಬ್ಬೆರಳನ್ನು ಒಳಗಿಟ್ಟೇ ಮುಷ್ಟಿ ಬಿಗಿಯುತ್ತಿದ್ದಳು. ಸ್ನಾನ ಮಾಡಿಸುವಾಗ ನಾನು ಹೀಗೆಯೇ ಬಿಡಿಸುತ್ತಿದ್ದೆ. ಬಿಡಿಸಿದ ಕೂಡಲೇ ನನ್ನ ಬೆರಳನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಇವತ್ತು ನಾನು ಹಿಡಿದುಕೊಂಡೆ.

"ಬಿಡಮ್ಮ, ಎಲ್ರೂ ನೋಡ್ತಿದಾರೆ" ಎಂದಳು. ಕೈಯನ್ನು ಮಾತ್ರ ಎಳೆದುಕೊಳ್ಳಲಿಲ್ಲ.