ಬಾಗಿಲಾಚೆಯ ಒತ್ತಡ

ಅಪ್ಪಾ,

ಪುಟ್ಟಿಯ ಕಾಯಿಲೆ ತಿಳಿದ ಮಾರನೆಯ ಬೆಳಗ್ಗೆ ನೀನು ಮನೆ ಬಿಟ್ಟು ಹೋಗುವಾಗ ನನಗೆ ಎಚ್ಚರವಿತ್ತು. ಇದನ್ನು ಅಮ್ಮನಿಗೂ ಹೇಳಿಲ್ಲ. ನೀನು ಎಲ್ಲಿದ್ದೀಯೋ, ಈ ಕಾಗದ ಕಳಿಸುವಂತಿಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಅವಳ ಪರೀಕ್ಷೆಯಾಯಿತು. ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳು ಕಿರಿದಾಗಿವೆಯಲ್ಲ, ಅವುಗಳೊಳಗಿನ ಒತ್ತಡ ಅಳೆಯಬೇಕಿತ್ತು. ಆದರೆ ತೊಡೆಯಿಂದ ತೂರಿಸಿದ ಸಣ್ಣ ಕೊಳವೆ ಹೋದದ್ದು ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳದೊಳಕ್ಕೆ!

"ಮೇಡಂ, ತೊಂದರೆ ಆ ಕಡೆ, ಅಳೆದಿದ್ದು ಈ ಕಡೆ. ಹೇಗೆ?" ಎಂದೆ.

"ತುದೀಲಿರೋ ಬಲೂನು ಉಬ್ಬಿಸಿ ಈ ಕಡೆ ಹರಿವು ನಿಲ್ಲಿಸ್ತೀವಿ ಕಣೋ. ಆಗ ಆ ಕಡೆ ಒತ್ತಡ ಕೊಳವೆ ತುದೀಲೇ ತಿಳಿಯುತ್ತೆ," ಎಂದರು ಡಾಕ್ಟರು.

"ಶಾಲೇಲಿ ಹಿಂಗೆ ಕೇಳಿದ್ರೆ ಪಾಸಾಗ್ತಿದ್ದೆ," ಎಂದಳು ಅಮ್ಮ.

"ಕೇಳಿದ್ದಕ್ಕೇ ಹೊರಗೆ ನಿಲ್ಲಿಸ್ತಿದ್ರು," ಎಂದೆ.

ಡಾಕ್ಟರು ನಕ್ಕರು. ಆಮೇಲೆ ಮೆಲ್ಲಗೆ, ಒತ್ತಡ ಬಹಳವಿದೆ, ದೊಡ್ಡ ಆಸ್ಪತ್ರೆಯಲ್ಲಿ ಬೇಗ ನಾಳ ಅಗಲಿಸಬೇಕು ಎಂದರು.

ಪುಟ್ಟಿ ಎಚ್ಚರಾದವಳೇ, "ಅಣ್ಣಾ, ಬಲೂನು ಯಾವ ಬಣ್ಣ?" ಎಂದಳು. ಅದೊಂದನ್ನು ನಾನು ಕೇಳಿರಲಿಲ್ಲ.

ಈ ಕಡೆ ಎಲ್ಲ ನಿಂತರೆ ಆ ಕಡೆಯದು ತಿಳಿಯುತ್ತದೆ ಎಂಬುದು ಸಂಜೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಆ ಬೆಳಗ್ಗೆ ನಾನೂ ಅಲುಗಾಡದೆ ಮಲಗಿದ್ದೆ. ನೀನು ಬಾಗಿಲಾಚೆ ಬಹಳ ಹೊತ್ತು ನಿಂತೇ ಇದ್ದೆ. ನಿನ್ನ ಉಸಿರು ಕೇಳಿಸುತ್ತಿತ್ತು.

ನಾಳೆ ಬೆಳಗಿನ ಬಸ್ಸಿಗೆ ನಾವು ಮೂವರೂ ದೊಡ್ಡ ಆಸ್ಪತ್ರೆಗೆ ಹೊರಡುತ್ತೇವೆ.