ಮರಿ ಬರುವ ಮೊದಲು ತೆಗೆಯಬೇಕಾದ ವಸ್ತುಗಳು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.40

ನಡುಮನೆಯಲ್ಲಿ ತೆವಳಿದ್ದು ಆಯಿತು. ನೆಲದಿಂದ ಒಂದು ಗೇಣು ಎತ್ತರದಲ್ಲಿ ಕಣ್ಣಿಟ್ಟು ಮನೆಯನ್ನೆಲ್ಲ ನೋಡಿ ಎಂದಿದ್ದರು ನಾಯಿಮರಿ ದತ್ತು ಕೊಡುವ ಕೇಂದ್ರದ ಮೇಡಂ. ನೋಡಿದೆ. ಟಿವಿ ಹಿಂದೆ ವೈರು ಮೂರು, ಫ್ರಿಜ್ ಹಿಂದೆ ಒಂದು, ಸೋಫಾ ಕೆಳಗೆ ಒಂಟಿ ಸಾಕ್ಸು. ಏಳಲು ಮೇಜು ಹಿಡಿಯಬೇಕಾಯಿತು.

ಅಕ್ಕ ಟೀ ಲೋಟ ಹಿಡಿದು ರೂಮಿನ ಬಾಗಿಲಲ್ಲಿ ನಿಂತು ನೋಡಿದಳು.

ಭಾನುವಾರ ಮರಿ ಬರುತ್ತದೆ. ತಿಂಗಳ ಕೊನೆಗೆ ಅಕ್ಕ ಹೋಗುತ್ತಾಳೆ. ಮಂಡಿ ಆಪರೇಷನ್‌ಗೆಂದು ಬಂದವಳು, ಆರು ತಿಂಗಳಾಯಿತು. ಈಗ ಕೋಲಿಲ್ಲದೆ ನಡೆಯುತ್ತಾಳೆ. ಅಂಚೆ ಕಚೇರಿಯಲ್ಲಿ ಜೊತೆಗಿದ್ದ ಗೆಳತಿಯ ಮನೆಯಲ್ಲಿ ರೂಮು ಖಾಲಿ ಇದೆಯಂತೆ. ಬೇರೆ ಊರು, ನೆಲಮಹಡಿ, ಒಳ್ಳೆಯ ಬಿಸಿಲು. ಬಿಸಿಲಿನ ಸುದ್ದಿ ಮೂರು ಸಲ ಹೇಳಿದ್ದಾಳೆ.

ಮನೆಯವಳು ತೀರಿಕೊಂಡು ಒಂಬತ್ತು ವರ್ಷ. ಒಬ್ಬನೇ ಇರುವುದು ರೂಢಿಯಾಗಿದೆ ಎಂದುಕೊಂಡಿದ್ದೆ... ಅಕ್ಕ ಇಲ್ಲೇ ಇರಲಿ. ಬರೆಯಲು ಬರುತ್ತದೆ, ಹೇಳಲು ಬರುತ್ತಿಲ್ಲ. ಹಾಸಿಗೆ ತಲೆ ಮೇಲೆ ಹೊತ್ತು ಮನೆಮನೆ ತಿರುಗಿ, ಚಾಪೆಯಲ್ಲಿ ಸುಖವಾಗಿ ಮಲಗಿದ್ದವರಿಗೂ ಬೆನ್ನುನೋವು ಬರಿಸಿ ಮಾರಿದ ಬಾಯಿ ಇದು.

ಆದ್ದರಿಂದ ನಾಯಿ. ಡಾಕ್ಟರು ಅವಳಿಗೆ ದಿನಾ ಎರಡು ಹೊತ್ತು ನಡೆಯಬೇಕು ಎಂದಿದ್ದಾರೆ. ಮರಿ ಕೈಗೆ ಬಿದ್ದರೆ ಬಿಟ್ಟು ಹೋಗುವ ಜೀವವಲ್ಲ ಇವಳದು. ಲೆಕ್ಕ ಸರಿಯಾಗಿಯೇ ಇದೆ.

ಮಾರ್ಚ್ 4, ಮಂಗಳವಾರ

ತರಬೇತಿಯ ಹಾಳೆ ಫ್ರಿಜ್ ಮೇಲೆ ಅಂಟಿಸಿದೆ. ಎದ್ದ ಕೂಡಲೇ ಹೊರಗೆ. ತಿಂದ ಮೇಲೆ ಹೊರಗೆ. ಆಡಿದ ಮೇಲೆ, ಮಲಗೆದ್ದ ಮೇಲೆ... ದಿನಕ್ಕೆ ಹತ್ತು ಸಲ, ಮೂರನೇ ಮಹಡಿಯಿಂದ. ಎಂಟು ವಾರ. ಸರಿಯಾಗಿ ಮಾಡಿದರೆ ಬಿಸ್ಕತ್ತು. ತಪ್ಪಿದರೆ ಬೈಯುವಂತಿಲ್ಲ, ಸುಮ್ಮನೆ ಒರೆಸಬೇಕು. ನನ್ನ ಹಾಸಿಗೆ ಅಂಗಡಿಯನ್ನು ಹೀಗೆ ನಡೆಸಿದ್ದರೆ ಎಂದೋ ಶಟರ್ ಎಳೆಯಬೇಕಾಗಿತ್ತು.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಅಂಗಡಿಗೆ ಹೋಗಲಿಲ್ಲ. ಪಟ್ಟಿ ಹಿಡಿದು ಒಂದೊಂದೇ ತೆಗೆದೆ. ಬಾಲ್ಕನಿಯ ಕುಂಡಗಳು — ಎಲೆ ತಿಂದರೆ ಮರಿಗೆ ವಿಷ — ಟೆರೇಸಿಗೆ. ಉಣ್ಣೆಯ ಬುಟ್ಟಿ, ಹೆಣೆಯುವ ಕಡ್ಡಿ ಅಟ್ಟಕ್ಕೆ. ಮಾತ್ರೆ ಡಬ್ಬಿ ಮೇಲಿನ ಶೆಲ್ಫಿಗೆ. ಬಾತ್‌ರೂಮಿನ ಮುಂದಿನ ಮ್ಯಾಟು ಸುತ್ತಿಟ್ಟೆ. ಅಡುಗೆಮನೆ ಬಾಗಿಲಿಗೆ ಅಡ್ಡಲಾಗಿ ಹಲಗೆ ಬಡಿದೆ, ಮೊಣಕಾಲೆತ್ತರ. ಗಟ್ಟಿಯಾಗಿದೆ. ಸೊಂಟ ಹೋಯಿತು. ಆದರೂ ಹನ್ನೊಂದಕ್ಕೆ ಹನ್ನೊಂದೂ ಟಿಕ್ ಬಿದ್ದವು.

ಮಾರ್ಚ್ 7, ಶುಕ್ರವಾರ. ಸಂಜೆ 5

ಅಂಗಡಿಯಿಂದ ಬಂದಾಗ ಅಕ್ಕ ಹಲಗೆಯ ಈಚೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ಅಡುಗೆಮನೆಗೆ ಹೋಗಿಲ್ಲ. ಆಪರೇಷನ್ ಆದ ಕಾಲು ಅಷ್ಟೆತ್ತರ ಏಳುವುದಿಲ್ಲ. ಮಾತ್ರೆಯೂ ಕೈಗೆ ಸಿಕ್ಕಿಲ್ಲ.

ತೊಡೆಯ ಮೇಲೆ ನನ್ನ ಪಟ್ಟಿ. ಮೂವತ್ತೈದು ವರ್ಷ ಟಪಾಲು ವಿಂಗಡಿಸಿದ ಕಣ್ಣು. ಕನ್ನಡಕ ಏರಿಸಿದಳು.

"ಹನ್ನೊಂದರಲ್ಲಿ ಒಂಬತ್ತು ನನ್ನವು ಕಣೋ. ಇನ್ನು ನಾನೊಬ್ಬಳು ಬಾಕಿ. ನನ್ನನ್ನೂ ಬರ್ಕೊಂಡ್ಬಿಡು."

ಕೋಪವಿರಲಿಲ್ಲ. ಹಲಗೆ ಕಿತ್ತೆ. ಮೊಳೆ ಬಾಗಿತು. ಅಷ್ಟರಲ್ಲಿ ಗೆಳತಿಗೆ ಫೋನು ಮಾಡಿ ಮುಗಿಸಿದ್ದಳು. ತಿಂಗಳ ಕೊನೆಯಲ್ಲ, ಭಾನುವಾರವೇ. ಹನ್ನೊಂದಕ್ಕೆ ಕಾರು.

ಮಾರ್ಚ್ 8, ಶನಿವಾರ

ಬಾಯಿ ಬಿಟ್ಟೆ. ನೆಲಮಹಡಿ ಎಂದರೆ ಸೊಳ್ಳೆ, ತೇವ, ಬೀದಿಯ ಗಲಾಟೆ ಎಂದೆ. ಬಿಸಿಲು ಜಾಸ್ತಿಯಾದರೆ ತಲೆನೋವು ಎಂದೆ. ಗೆಳತಿ ಗೊರಕೆ ಹೊಡೆಯುವ ಪೈಕಿ ಇರಬಹುದು ಎಂದೂ... ಅಕ್ಕ ಸೀರೆ ಮಡಚುತ್ತಲೇ ಇದ್ದಳು.

"ನನ್ನ ಹತ್ರ ಹಾಸಿಗೆ ಮಾರ್ಬೇಡ."

ಮಾರ್ಚ್ 9, ಭಾನುವಾರ. ಮಧ್ಯಾಹ್ನ 1

ಹತ್ತೂವರೆಗೆ ಮೇಡಂ ಬಂದರು. ಕಂಕುಳಲ್ಲಿ ಮರಿ, ಮಣ್ಣಿನ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಮನೆಯೆಲ್ಲ ನೋಡಿ, ಹಗಲು ಹೊತ್ತು ಮರಿಯ ಜೊತೆ ಯಾರಿರುತ್ತಾರೆ ಎಂದು ಕೇಳಿದರು. ಯಾರೂ ಇಲ್ಲದ ಮನೆಗೆ ಕೊಡುವುದಿಲ್ಲವಂತೆ. ನಾನು ಶುರು ಮಾಡಿದೆ. ಅಂಗಡಿ ಹತ್ತಿರದಲ್ಲೇ ಇದೆ, ನಡುನಡುವೆ ಬಂದು ಹೋಗುತ್ತೇನೆ...

ಬಾಗಿಲ ಬಳಿ ಸೂಟ್‌ಕೇಸು. ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಬಗ್ಗಲು ಗೋಡೆ ಹಿಡಿದಿದ್ದಳು. ಮಾತು ಅಲ್ಲೇ ನಿಂತಿತು.

"ಹೋಗ್ಬೇಡ ಅಕ್ಕ."

ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು. ಅಕ್ಕ ಗೋಡೆ ಹಿಡಿದೇ ನೆಟ್ಟಗಾದಳು.

"ಇಷ್ಟು ಹೇಳೋಕೆ ನಿನಗೆ ಒಂದು ನಾಯಿ ಬೇಕಾಯ್ತೇನೋ?"

ಫ್ರಿಜ್ ಹತ್ತಿರ ಹೋಗಿ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಮರಿ ಮನೆಯೊಳಗೆ ಗಲೀಜು ಮಾಡುವುದನ್ನು ಬಿಡುವವರೆಗೆ ಇರುತ್ತೇನೆ, ಬಿಟ್ಟ ದಿನ ಹೊರಡುತ್ತೇನೆ ಎಂದಳು. ಮಾತು ಮಾತೇ. ಕಾರಿನವನನ್ನು ವಾಪಸು ಕಳಿಸಿದೆ. ಕುಂಡಗಳನ್ನು ಟೆರೇಸಿನಿಂದ ಇಳಿಸಿ ಬಾಲ್ಕನಿಯಲ್ಲಿ ಎತ್ತರಕ್ಕೆ ನೇತುಹಾಕಿದೆ. ಮ್ಯಾಟು ಹಾಸಿದೆ. ಮರಿ ಮೊದಲು ಅದರ ಮೇಲೇ ಮಾಡಿತು. ಒರೆಸುವಾಗ ನನಗೇನೂ ಬೇಸರವಾಗಲಿಲ್ಲ.

ಮಾರ್ಚ್ 14, ಶುಕ್ರವಾರ

ಇವತ್ತು ಒರೆಸಿದ್ದು ಐದು ಸಲ. ಕಣ್ಣು ಎಳೆಯುತ್ತಿದೆ. ಅಂಗಡಿಯಲ್ಲಿ ಗಿರಾಕಿಗೆ ತೋರಿಸಲೆಂದು ಮಲಗಿದವನು ಹಾಗೇ ನಿದ್ದೆ ಹೋದೆ. ಗಿರಾಕಿ ಆ ಹಾಸಿಗೆಯನ್ನೇ ತೆಗೆದುಕೊಂಡ.

ಅಕ್ಕ ಮರಿಯನ್ನು ಟಪಾಲಿನ ಹಾಗೆ ನಡೆಸುತ್ತಿದ್ದಾಳೆ. ಏಳೂ ಹತ್ತಕ್ಕೆ ಎಂದರೆ ಏಳೂ ಹತ್ತಕ್ಕೆ. ದಿನಕ್ಕೆ ಆರು ಸಲ ಇವಳು ಇಳಿಯುತ್ತಾಳೆ, ನಾಲ್ಕು ಸಲ ನಾನು. ಕಾಲು ಗಟ್ಟಿಯಾಗಿದೆ.

ಮಾರ್ಚ್ 19, ಬುಧವಾರ

ಮೂರು ಸಲ.

ಮಾರ್ಚ್ 23, ಭಾನುವಾರ

ಒಂದೇ. ಅದೂ ಬಾಗಿಲಿಂದ ಎರಡಡಿ ದೂರದಲ್ಲಿ. ಅಕ್ಕ ಮರಿಯ ಬೆನ್ನು ತಟ್ಟಿದಳು. ಹಾಳೆಯಲ್ಲಿ ಎಂಟು ವಾರ ಎಂದಿದ್ದರಲ್ಲ ಮೇಡಂ?

ಮಾರ್ಚ್ 27, ಗುರುವಾರ. ಬೆಳಿಗ್ಗೆ 7.05

ಮರಿ ತಾನಾಗಿಯೇ ಬಾಗಿಲಿಗೆ ಹೋಯಿತು. ಒಮ್ಮೆ ಕೆರೆಯಿತು. ತಿರುಗಿ ನನ್ನನ್ನು ನೋಡಿ ಕೂತಿತು, ಎಷ್ಟು ಶಿಸ್ತಾಗಿ. ಅಕ್ಕ ಅಡುಗೆಮನೆಯಲ್ಲಿದ್ದಾಳೆ, ಕುಕ್ಕರ್ ಸದ್ದು, ಅವಳಿಗೆ ಕೇಳಿಸಿಲ್ಲ. ನಾನು ಎದ್ದಿಲ್ಲ. ಈ ಪುಸ್ತಕ ಎತ್ತಿ ಮುಖಕ್ಕೆ ಅಡ್ಡ ಹಿಡಿದು ಬರೆಯುತ್ತಿದ್ದೇನೆ. ಇನ್ನೊಮ್ಮೆ ಕೆರೆಯುತ್ತಿದೆ... ಇನ್ನು ಒಂದೇ ನಿಮಿಷ ತಡೆದರೆ ಇದು ಇಲ್ಲೇ —