ಫ್ರೆಂಚ್ ಅಮ್ಮನ ಅಪಸ್ವರ

ನವೆಂಬರ್ 3, ಭಾನುವಾರ

ಪಿಟೀಲು ಪಾಠಕ್ಕೆ ಇವತ್ತೂ ಮೂವರೇ. ಬ್ಯಾಂಕಿನ ಯಶೋಧಾ ಮೇಡಂ ಗಾಂಧಾರ ಹಿಡಿದರೆ ಒಲೆ ಮೇಲಿನ ಹಾಲು ಒಡೆಯಬೇಕು. ಗದರಿದೆ. ಕಣ್ಣೀರು ಹಾಕಿದರು. ಉಷಾರಾಣಿ ಓಡಿ ಬಂದು ಅವರಿಗೆ ಕಾಫಿ ಕೊಟ್ಟಳು, ನನ್ನನ್ನು ದುರುಗುಟ್ಟಿ ನೋಡಿದಳು. ಇವಳು ನನ್ನ ಹೆಂಡತಿಯೋ, ಅವರ ವಕೀಲೆಯೋ!

ದೇವರ ಮನೆ ಧೂಳು ಹೊಡೆಯಲು ಅಲ್ಲಿನ ಕರೆಂಟಿನ ಶ್ರುತಿಪೆಟ್ಟಿಗೆ ಆಫ್ ಮಾಡಿದ್ದಳು. ಅದಕ್ಕೂ ಗದರಿ ಮತ್ತೆ ಹಾಕಿಸಿದೆ. ಪಿಟೀಲಿನವರ ಮನೆಯಲ್ಲಿ ಶ್ರುತಿ ಹಗಲೂ ರಾತ್ರಿ ನಿಲ್ಲಬಾರದು — ನಮ್ಮ ಗುರುಗಳ ಮಾತು.

ರಂಜಿತಾ ವಾಟ್ಸಾಪಿನಲ್ಲಿ ರೆಕಾರ್ಡಿಂಗ್ ಕಳಿಸಿದ್ದಾಳೆ. ಜವನಗೊಂಡನಹಳ್ಳಿಯ ಕುರಿ ಚಿತ್ತಯ್ಯನ ಮಗಳು. ಬಸ್ಸಿನಲ್ಲಿ ಬಂದು ನನ್ನ ಹತ್ತಿರವೇ ಕಲಿತವಳು. ಈಗ ಪಾಂಡಿಚೇರಿಯಲ್ಲಿ ವೆಸ್ಟರ್ನ್ ಪಿಟೀಲು ಕಲಿಸುತ್ತಾಳೆ. ನುಡಿಸಿರುವುದು ಫ್ರಾನ್ಸಿನ ಒಬ್ಬ ಹೆಂಗಸು ಕಟ್ಟಿದ ಸಂಗೀತ. ಆಕೆ ತೀರಿಕೊಂಡು ನೂರು ವರ್ಷದ ಮೇಲಾಯಿತಂತೆ, ಆ ದೇಶದವರೇ ಮರೆತುಬಿಟ್ಟಿದ್ದಾರಂತೆ. ಹೆಸರು ನನ್ನ ನಾಲಿಗೆಗೆ ಹೊರಳದು. ಸದ್ಯಕ್ಕೆ ಫ್ರೆಂಚ್ ಅಮ್ಮ. ಜೊತೆಗೆ ರಂಜಿತಾಳ ಮೆಸೇಜ್:

"ನೀವು ಚೆನ್ನಾಗೈತೆ ಅಂದ್ರೇನೆ ಹೊರಗೆ ಬಿಡೋದು ಮೇಷ್ಟ್ರೇ, ಇಲ್ಲಾಂದ್ರೆ ಇಲ್ಲ."

ಸಂಜೆ

ದೇವರ ಮನೆ ಬಾಗಿಲಲ್ಲಿ, ಮಾಮೂಲಿ ಜಾಗದಲ್ಲಿ ಕೂತು ಕೇಳಿದೆ. ಅಯ್ಯೋ ಶಿವನೇ... ನಾಲ್ಕು ಹೆಜ್ಜೆ ನೆಟ್ಟಗೆ ನಡೆದು ಐದನೆಯದಕ್ಕೆ ಚರಂಡಿಗೆ ಬೀಳುವುದು. ಉದ್ದಕ್ಕೂ ಅದೇ ಅಪಸ್ವರ. ಹಿಂದೆ ರಜೆಗೆ ಬಂದಾಗಲೂ ರಂಜಿತಾ ಈ ಅಮ್ಮನದೇ ಒಂದನ್ನು ಇಲ್ಲೇ ಕೂರಿಸಿ ಕೇಳಿಸಿದ್ದಳು. ಮರೆತವರು ಬುದ್ಧಿವಂತರು ಎಂದಿದ್ದೆ. ಹುಡುಗಿ ಮುಖ ಚಿಕ್ಕದು ಮಾಡಿಕೊಂಡು ಹೋಗಿದ್ದಳು. ಈಗ ಏನೆಂದು ಬರೆಯಲಿ?

ನವೆಂಬರ್ 5, ಮಂಗಳವಾರ

ಪಕ್ಕದ ಮನೆ ಮಲ್ಲೇಶ್ ಫೋನಿಗೂ ಕಳಿಸಿದ್ದೆ. ತೆಂಗಿನಕಾಯಿ ಮಂಡಿಯಲ್ಲಿ ಕೂತು ಕೇಳಿದನಂತೆ.

"ಎದಿ ಹಿಂಡಿದಂಗಾತು ಮೇಷ್ಟ್ರೇ. ಏನ್ ನುಡಿಸ್ಯಾಳ್ರೀ ನಮ್ ಹುಡುಗಿ!"

ಮಲ್ಲೇಶನಿಗೆ ಲಾರಿ ಹಾರನ್ನೂ ಸಂಗೀತವೇ, ಬಿಡಿ. ಆದರೆ ಉಷಾ? ಅವಳ ಕಿವಿ ಸುಳ್ಳು ಹೇಳುವುದಿಲ್ಲ. ತಾರಸಿ ಮೇಲೆ ಬಟ್ಟೆ ಹರವುತ್ತಾ ಕೇಳಿದಳು, ಕೆಳಗಿಳಿದು ಬಂದಳು.

"ಅಪಸ್ವರ ಎಲ್ಲೈತ್ರೀ? ನಂಗೆ ಅಳು ಬಂತು."

ಅಂದರೆ... ನನ್ನ ಕಿವಿ?

ನವೆಂಬರ್ 9, ಶನಿವಾರ

ಇನ್ನೂ ಎರಡು ಸಲ ಕೇಳಿದೆ. ಅದೇ ಚರಂಡಿ.

ನಾಳೆ ಪಾಠ ಇಲ್ಲ, ಜ್ವರ ಎಂದು ಎಲ್ಲರಿಗೂ ಸುಳ್ಳು ಮೆಸೇಜ್. ಯಶೋಧಾ ಮೇಡಂ ಗಾಂಧಾರ ಸರಿಯೇ ಇತ್ತೇನೋ. ಯಾರನ್ನು ಯಾವ ಬಾಯಲ್ಲಿ ತಿದ್ದಲಿ? ಪಿಟೀಲು ಪೆಟ್ಟಿಗೆ ಅಟ್ಟದ ಮೇಲಿಟ್ಟೆ. ಕಿವಿ ಹೋದ ಮೇಲೆ ನಾನು ಯಾವ ಮೇಷ್ಟ್ರು? ಭಯವಾಗುತ್ತಿದೆ. ಬರೆದೇಬಿಟ್ಟೆ.

ದಾವಣಗೆರೆಯ ಕಿವಿ ಡಾಕ್ಟರ್ ಹತ್ತಿರ ಸೋಮವಾರ ಹದಿನೆಂಟಕ್ಕೆ ಅಪಾಯಿಂಟ್‌ಮೆಂಟ್. ಉಷಾಗೆ ಹೇಳಿಲ್ಲ.

"ಕೇಳಿದ್ರಾ ಮೇಷ್ಟ್ರೇ?" — ರಂಜಿತಾ, ಮತ್ತೆ. ಉತ್ತರ ಕೊಟ್ಟಿಲ್ಲ.

ನವೆಂಬರ್ 17, ಭಾನುವಾರ

ಇದನ್ನು ಈಗಲೇ ಬರೆಯಬೇಕು.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಕೊನೆಯ ಸಲ ಎಂದು ದೇವರ ಮನೆ ಬಾಗಿಲಲ್ಲಿ ಫೋನ್ ಹಿಡಿದು ಕೂತೆ. ಒಂದು, ಎರಡು, ಮೂರು, ನಾಲ್ಕು... ಈಗ ಬೀಳುತ್ತದೆ ಎನ್ನುವಾಗ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಫ್ರಿಜ್ ನಿಂತಿತು. ಶ್ರುತಿಪೆಟ್ಟಿಗೆಯೂ ನಿಂತಿತು. ಫೋನ್ ಮಾತ್ರ ನುಡಿಯುತ್ತಲೇ ಇತ್ತು.

ಬೀಳಲಿಲ್ಲ! ಚರಂಡಿಯೇ ಇಲ್ಲ ಅಲ್ಲಿ. ಮೆಟ್ಟಿಲು!

ಫ್ರೆಂಚ್ ಅಮ್ಮ ದಾರಿಯ ಮಧ್ಯೆ ಷಡ್ಜವನ್ನೇ, ಎಲ್ಲ ಸ್ವರಗಳೂ ನಿಲ್ಲುವ ನೆಲವನ್ನೇ, ಎತ್ತಿ ಬೇರೆ ಕಡೆ ಇಡುತ್ತಾಳೆ. ನನ್ನ ಪೆಟ್ಟಿಗೆ ಮಾತ್ರ ಹಳೇ ಷಡ್ಜ ಬಿಡದೆ ಗುಂಯ್ ಎನ್ನುತ್ತಿತ್ತು. ಕೇಳಿ ಕೇಳಿ ಆ ಗುಂಯ್ ನನಗೆ ಕೇಳಿಸುವುದೇ ನಿಂತುಹೋಗಿದೆ. ಎರಡೂ ಗುದ್ದಾಡಿದ್ದನ್ನು ಅಪಸ್ವರ ಎಂದುಕೊಂಡಿದ್ದೇನೆ, ಕತ್ತೆ! ಮೊದಲಿಂದ ಕೇಳಿದೆ. ಎಷ್ಟು ಮೆತ್ತಗೆ ನಡೆಸಿಕೊಂಡು ಹೋಗುತ್ತಾಳೆ ಆ ಮಹಾತಾಯಿ. ಅತ್ತುಬಿಟ್ಟೆ. ನಕ್ಕೆ. ಯಾವುದು ಮೊದಲೋ ಗೊತ್ತಿಲ್ಲ.

"ಏನಾತ್ರೀ?" ಅಡುಗೆ ಮನೆಯಿಂದ ಉಷಾ.

"ಕಿವಿ ಐತೆ ಕಣೇ! ಕಿವಿ ಐತೆ!"

"ಇಲ್ದೆ ಎಲ್ಲಿಗೆ ಹೋಗ್ತೈತೆ? ಒಳ್ಳೆ ಹುಚ್ಚು."

ನವೆಂಬರ್ 18, ಸೋಮವಾರ

ದಾವಣಗೆರೆ ಕ್ಯಾನ್ಸಲ್. ಬೆಳಿಗ್ಗೆಯೇ ರಂಜಿತಾಗೆ ಫೋನ್ ಮಾಡಿದೆ.

"ಇಷ್ಟು ದಿನ ಸುಮ್ನಿದ್ರಿ. ಬ್ಯಾಡ ಅಂತೀರಿ ಅಂತ ರೆಕಾರ್ಡಿಂಗ್ ಅಳಿಸಾಕೆ ಕುಂತಿದ್ದೆ ಮೇಷ್ಟ್ರೇ."

ಒಂದು ದಿನ ತಡವಾಗಿದ್ದರೆ? ನಡೆದದ್ದನ್ನೆಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅತ್ತಳು.

"ಬಿಡವ್ವ ಹೊರಗೆ. ಜನ ಕೇಳ್ಲಿ. ಆಯಮ್ಮನ್ನ ಮರೆತೋರು ದಡ್ರು, ನಾನೂ ಸೇರಿ."

ಫೋನ್ ಇಡಲು ಮನಸ್ಸಾಗಲಿಲ್ಲ. ಕೇಳಿಯೇಬಿಟ್ಟೆ: "ಮೊದಲನೇ ಸಾಲು ನಂಗೂ ಹೇಳ್ಕೊಡ್ತೀಯಾ?"

ಆ ಕಡೆಯಿಂದ ಪಿಟೀಲು. ಅಟ್ಟ ಹತ್ತಿ ನನ್ನದನ್ನು ಇಳಿಸಿದೆ, ನುಡಿಸಿದೆ.

"ಅಲ್ಲಿ ಗಮಕ ಬ್ಯಾಡ್ರಿ ಮೇಷ್ಟ್ರೇ. ಸ್ವರ ಅಲುಗಾಡಿಸ್ದೆ ನೆಟ್ಟಗೆ ಹಿಡೀರಿ."

ನನಗೆ! ನೆಟ್ಟಗೆ ಹಿಡಿದೆ.

"ಇನ್ನೊಂದ್ಸಲ."

ಹಿಡಿದೆ. ಬೆನ್ನು ನೆಟ್ಟಗಾಗಿತ್ತು, ಗುರುಗಳ ಮುಂದೆ ಕೂತ ಹಾಗೆ. ಎಷ್ಟು ಹಗುರ...

ಸಂಜೆ

ಎರಡನೇ ಸಾಲು ನಾಳೆ ಎಂದಿದ್ದಳು. ಈಗಲೇ ಅವಳ ಫೋನ್ ಬಡಿದುಕೊಳ್ಳುತ್ತಿದೆ. ಕಮಾನು ಬಿಗಿ ಮಾಡಿಲ್ಲ, ಮೊದಲನೆಯದೇ ಇನ್ನೂ ನೆಟ್ಟಗೆ—